ಸಿನಿಮಾ ಹಾಡಿನ ಕಿವಿ ಬೇಡ, ನಾಟಕದ ಹಾಡಿನ ಕಿವಿ ಇಟ್ಟು ಕೇಳಿ

ಪ್ರಶ್ನೆ: ನನ್ನ ಮಗಳಿಗೆ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಅನ್ನೋ ಹಳೇ ಅಮೆರಿಕನ್ ಸೀರಿಯಲ್ ಹುಚ್ಚು. ಅದರಲ್ಲಿ ಪಾತ್ರಗಳು ಹಾಡ್ತಾ ಕಥೆ ನಡೆಸುವ ಮ್ಯೂಸಿಕಲ್ ಎಪಿಸೋಡ್ ‘ಒನ್ಸ್ ಮೋರ್, ವಿತ್ ಫೀಲಿಂಗ್’ನ ಆಲ್ಬಮ್ ಮನೆಯಲ್ಲಿ ಯಾವಾಗಲೂ ಓಡ್ತಾ ಇರುತ್ತೆ. ನಾನು ಸೀರಿಯಲ್ ನೋಡಿಲ್ಲ. ಮ್ಯೂಸಿಕ್ ಇಷ್ಟ ಆಯ್ತು, ಆದರೆ ಹಾಡುವವರಲ್ಲಿ ಅರ್ಧ ಜನ ಗಾಯಕರೇ ಅಲ್ಲ ಅನಿಸುತ್ತೆ. ಶುರುವಾಗೋದರೊಳಗೆ ಮುಗಿದುಹೋಗುವ ತುಣುಕುಗಳಿವೆ. ಕೊನೆಯಲ್ಲಿ ಹಾಡೇ ಇಲ್ಲದ ಬರೀ ಮ್ಯೂಸಿಕ್ ಇದೆ. ಸೀರಿಯಲ್ ನೋಡದೆ ಇದನ್ನು ಕೇಳಿ ಪ್ರಯೋಜನ ಇದೆಯಾ? ಜನ ಇದರಲ್ಲಿ ಮೆಚ್ಚೋದು ಏನನ್ನ? ಇಂಥವು ಬೇರೆ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ಖಂಡಿತ ಕೇಳಿ. ಆದರೆ ಕೇಳುವ ಕಿವಿ ಬದಲಾಯಿಸಿಕೊಂಡು ಕೇಳಿ. ನೀವು ಇದನ್ನು ಸಿನಿಮಾ ಹಾಡು ಕೇಳುವ ಹಾಗೆ ಕೇಳ್ತಾ ಇದ್ದೀರಿ, ಅದು ಸಹಜ ಕೂಡ. ನಮ್ಮಲ್ಲಿ ಆಲ್ಬಮ್ ಅಂದರೆ ಸಿನಿಮಾ ಹಾಡು ತಾನೇ. ಹಾಡು ಮೊದಲು ಹೊರಗೆ ಬರುತ್ತೆ, ಆಡಿಯೊ ರಿಲೀಸ್ ಆಗುತ್ತೆ, ಎಲ್ಲರ ಬಾಯಲ್ಲಿ ಓಡಾಡುತ್ತೆ, ಆಮೇಲೆ ಸಿನಿಮಾ ಬರುತ್ತೆ. ಕಥೆ ಗೊತ್ತಿಲ್ಲದವರಿಗೂ ಹಾಡು ಹಿಡಿಸಬೇಕು, ಹಾಗೆಂದೇ ಅದನ್ನು ಕಟ್ಟಿರ್ತಾರೆ. ಹಾಡೋದಕ್ಕೆ ಬೇರೆ ಗಾಯಕರಿರ್ತಾರೆ, ನಟರು ತುಟಿ ಆಡಿಸ್ತಾರೆ. ಈ ಆಲ್ಬಮ್‌ನಲ್ಲಿ ಇದೆಲ್ಲ ಉಲ್ಟಾ. ಎಪಿಸೋಡ್ ಪ್ರಸಾರವಾಗಿದ್ದು 2001ರ ನವೆಂಬರ್ 6ರಂದು, ಆಲ್ಬಮ್ ಬಂದದ್ದು 2002ರ ಸೆಪ್ಟೆಂಬರ್‌ನಲ್ಲಿ, ಅಂದರೆ ಹತ್ತು ತಿಂಗಳು ಕಳೆದ ಮೇಲೆ. ಹಾಡಿದವರು ನಟರೇ. ಕಥೆಯ ದೊಡ್ಡ ತಿರುವುಗಳು ಹಾಡಿನ ಒಳಗೇ ನಡೆಯುತ್ತವೆ, ಹಾಡು ತೆಗೆದುಬಿಟ್ಟರೆ ಆ ಎಪಿಸೋಡ್‌ನಲ್ಲಿ ಕಥೆಯೇ ಉಳಿಯಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರ ಬರೋದು ರಂಗಗೀತೆ. ಬಿ.ವಿ. ಕಾರಂತರು ನಾಟಕಕ್ಕೆ ಸಂಗೀತ ಮಾಡುವಾಗ ನಟರ ಕೈಲೇ ಹಾಡಿಸ್ತಿದ್ದರು. ಅಂಥ ಧ್ವನಿಗಳಲ್ಲಿ ಕೆಲವು ಒರಟಾಗಿರುತ್ತವೆ, ಕೆಲವಕ್ಕೆ ಮೇಲಿನ ಸ್ವರ ಪೂರ್ತಿ ಸಿಗಲ್ಲ, ಆದರೆ ಪಾತ್ರ ಆ ಧ್ವನಿಯಲ್ಲೇ ಕೂತಿರುತ್ತೆ. ಅದನ್ನು ತೆಗೆದು ಒಳ್ಳೆಯ ಗಾಯಕರ ಹತ್ತಿರ ಹಾಡಿಸಿ ನೋಡಿ, ಹಾಡು ಚೆನ್ನಾಗಾಗುತ್ತೆ, ನಾಟಕ ಹೋಗುತ್ತೆ. ನಾಟಕ ನೋಡಿ ಬಂದವರು ಆಮೇಲೆ ಅದೇ ಹಾಡನ್ನು ರೆಕಾರ್ಡಿಂಗ್‌ನಲ್ಲಿ ಕೇಳಿದಾಗ ರಂಗ ಪೂರ್ತಿ ಕಣ್ಣಮುಂದೆ ಬರುತ್ತಲ್ಲ, ಈ ಆಲ್ಬಮ್ ಕೆಲಸ ಮಾಡೋದು ಹಾಗೆ. ನಾನು ಸೀರಿಯಲ್‌ಗಳಿಗೆ ಹಿನ್ನೆಲೆ ಸಂಗೀತ ಮಾಡುವವನು. ಹಾಡು ಎಷ್ಟು ಇಂಪಾಗಿದೆ ಅನ್ನೋದಕ್ಕಿಂತ ಮೊದಲು, ಅದು ದೃಶ್ಯದಲ್ಲಿ ಏನು ಕೆಲಸ ಮಾಡ್ತಾ ಇದೆ ಅನ್ನೋದೇ ನನ್ನ ಕಿವಿಗೆ ಬೀಳುತ್ತೆ. ಆ ಲೆಕ್ಕದಲ್ಲಿ ಟೀವಿಗಾಗಿ ಬರೆದ ಹಾಡುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಕೇಳಿಲ್ಲ.

ಏಳು ಸೀಸನ್ ನೋಡೋಕೆ ನಿಮಗೆ ಪುರುಸೊತ್ತು ಇರಲ್ಲ, ಬೇಕಾಗಿಯೂ ಇಲ್ಲ. ಕಥೆ ಇಷ್ಟು ಗೊತ್ತಿದ್ದರೆ ಸಾಕು. ಬಫಿ ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಅನ್ನೋ ಕಾಲ್ಪನಿಕ ಊರಿನ ಹುಡುಗಿ. ರಕ್ತಪಿಶಾಚಿಗಳನ್ನು ಕೊಲ್ಲೋದು ಅವಳ ಹಣೆಬರಹ. ಐದನೇ ಸೀಸನ್‌ನ ಕೊನೆಯಲ್ಲಿ ತಂಗಿ ಡಾನ್‌ಳನ್ನು ಉಳಿಸೋಕೆ ಅವಳು ಪ್ರಾಣ ಕೊಡ್ತಾಳೆ. ಆರನೇ ಸೀಸನ್ ಶುರುವಿನಲ್ಲಿ ಗೆಳೆಯರು ಮಂತ್ರ ಹಾಕಿ ಅವಳನ್ನು ಮತ್ತೆ ಬದುಕಿಸ್ತಾರೆ. ನರಕದಲ್ಲಿ ನರಳುತ್ತಿದ್ದವಳನ್ನು ಬಿಡಿಸಿಕೊಂಡು ಬಂದೆವು ಅಂತ ಅವರ ನಂಬಿಕೆ. ಅವಳು ಇದ್ದದ್ದು ಸ್ವರ್ಗದಲ್ಲಿ, ನೆಮ್ಮದಿಯಾಗಿ. ಇವರು ಅಲ್ಲಿಂದ ಎಳೆದು ತಂದುಬಿಟ್ಟಿದ್ದಾರೆ. ಸ್ಪೈಕ್ ಅನ್ನೋ ಒಬ್ಬ ಪಿಶಾಚಿಗೆ ಬಿಟ್ಟರೆ ಈ ವಿಷಯ ಅವಳು ಯಾರಿಗೂ ಹೇಳಿಲ್ಲ, ಹೇಳಿದರೆ ಗೆಳೆಯರು ಕುಸಿದುಹೋಗ್ತಾರೆ. ಈ ಗುಟ್ಟು ಹೊತ್ತುಕೊಂಡು ಅವಳು ಓಡಾಡುತ್ತಿರುವಾಗ, ಆ ಸೀಸನ್‌ನ ಏಳನೇ ಎಪಿಸೋಡ್‌ನಲ್ಲಿ, ಊರಿಗೆ ಒಬ್ಬ ರಾಕ್ಷಸ ಬರ್ತಾನೆ. ಅವನಿದ್ದ ಕಡೆ ಜನ ಮಾತಾಡುತ್ತ ಆಡುತ್ತ ಹಾಡೋಕೆ ಶುರು ಮಾಡ್ತಾರೆ. ಹಾಡುವಾಗ ಒಳಗೆ ಅದುಮಿಟ್ಟದ್ದು ತಡೆಯೋಕಾಗದೆ ಹೊರಗೆ ಬಂದುಬಿಡುತ್ತೆ. ಅದು ಮಿತಿ ಮೀರಿದರೆ ಕುಣಿಯುತ್ತ ಕುಣಿಯುತ್ತಲೇ ಬೆಂಕಿ ಹತ್ತಿಕೊಂಡು ಸತ್ತುಹೋಗ್ತಾರೆ.

ಇಷ್ಟು ಗೊತ್ತಾದ ಮೇಲೆ ಯೋಚನೆ ಮಾಡಿ ನೋಡಿ, ಎಂಥ ಕಟ್ಟು ಇದು. ಮ್ಯೂಸಿಕಲ್ ಅಂದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಇವರು ಇದ್ದಕ್ಕಿದ್ದ ಹಾಗೆ ಯಾಕೆ ಹಾಡ್ತಾರೆ ಅಂತ. ಇಲ್ಲಿ ಆ ಪ್ರಶ್ನೆಗೆ ಉತ್ತರವೇ ಕಥೆ. ಪಾತ್ರಗಳಿಗೂ ತಾವು ಹಾಡುತ್ತಿರುವುದು ಗೊತ್ತು, ಅವರಿಗೂ ಅದು ವಿಚಿತ್ರ, ಅವರಿಗೂ ಭಯ. ಅದರಲ್ಲೂ ಬಾಯಿ ಬಿಡಲೇಬಾರದು ಅಂತ ಹಲ್ಲು ಕಚ್ಚಿಕೊಂಡಿರುವ ಒಬ್ಬಳನ್ನು ಇದರ ಮಧ್ಯೆ ನಿಲ್ಲಿಸಿದ್ದಾರೆ. ಮೊದಲ ಹಾಡಿನಿಂದಲೇ ಅವಳು ಯಾವಾಗ ಬಾಯಿಬಿಡ್ತಾಳೋ ಅನ್ನೋ ಆತಂಕ ಶುರುವಾಗುತ್ತೆ.

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರೋಣ, ಗಾಯಕರಲ್ಲದವರು ಯಾಕೆ ಹಾಡಿದರು ಅನ್ನೋದು. ಎಲ್ಲರೂ ಒಂದೇ ಮಟ್ಟದವರಲ್ಲ. ಜೈಲ್ಸ್ ಪಾತ್ರದ ಆಂಟನಿ ಸ್ಟೀವರ್ಟ್ ಹೆಡ್ ಲಂಡನ್ ರಂಗಭೂಮಿಯಲ್ಲಿ ಮ್ಯೂಸಿಕಲ್‌ಗಳಲ್ಲಿ ಹಾಡಿ ಬಂದವರು. ಟಾರಾ ಪಾತ್ರದ ಆಂಬರ್ ಬೆನ್ಸನ್ ಅವರದ್ದು ಹಾಡಿಗೆ ಒಗ್ಗಿದ ಕಂಠ. ಸ್ಪೈಕ್ ಪಾತ್ರದ ಜೇಮ್ಸ್ ಮಾರ್ಸ್ಟರ್ಸ್ ರಾಕ್ ಹಾಡುವವರು. ರಾಕ್ಷಸನ ಪಾತ್ರಕ್ಕೆ ಕರೆಸಿದ್ದ ಹಿಂಟನ್ ಬ್ಯಾಟಲ್ ಅಂತೂ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಮೂರು ಟೋನಿ, ಅಂದರೆ ಅಲ್ಲಿನ ದೊಡ್ಡ ನಾಟಕ ಪ್ರಶಸ್ತಿ, ಗೆದ್ದವರು. ಆಲ್ಬಮ್‌ನಲ್ಲಿ ‘ವಾಟ್ ಯು ಫೀಲ್’ ಬಂದ ಕೂಡಲೇ ಗಮನಿಸಿ, ಒಬ್ಬ ಪಕ್ಕಾ ರಂಗದ ಗಾಯಕ ಒಳಗೆ ಬಂದ ಅಂತ ನಿಮಗೇ ಗೊತ್ತಾಗುತ್ತೆ. ಹಾಡನ್ನು ಅಸ್ತ್ರ ಮಾಡಿಕೊಂಡವನು ಅವನೊಬ್ಬನೇ, ಆದ್ದರಿಂದ ಅವನಿಗೆ ಆ ಹಿಡಿತ ಇರಲೇಬೇಕು. ಉಳಿದವರಿಗೆ ಹಾಡು ಮೈಮೇಲೆ ಬಂದ ಹಾಗೆ ಬಂದಿದೆ. ಅವರ ಧ್ವನಿ ತಡವರಿಸಿದರೆ ಕಥೆಗೆ ಅದೇ ಸರಿ.

ಬಫಿಯಾಗಿ ನಟಿಸಿದ ಸಾರಾ ಮಿಷೆಲ್ ಗೆಲ್ಲರ್ ಮೊದಲು ಬೇಡ ಅಂದಿದ್ದರು. ಬೇರೆಯವರ ಧ್ವನಿ ಹಾಕುವ ಯೋಚನೆಯೂ ಇತ್ತು. ಆದರೆ ಆ ಸೀಸನ್‌ನಲ್ಲೇ ತನ್ನ ಪಾತ್ರದ ಅತಿ ದೊಡ್ಡ ಘಳಿಗೆಯನ್ನು ಇನ್ನೊಬ್ಬರ ಗಂಟಲಿಗೆ ಬಿಟ್ಟುಕೊಡೋಕೆ ಅವರಿಗೆ ಮನಸ್ಸು ಬರಲಿಲ್ಲ. ತರಬೇತಿ ತಗೊಂಡು ತಾವೇ ಹಾಡಿದರು. ಅವರದ್ದು ತೆಳು ಧ್ವನಿ. ಸ್ವರಗಳನ್ನು ಹುಷಾರಾಗಿ, ಒಂದೊಂದಾಗಿ ಹಿಡೀತಾರೆ. ಬಲ ಹಾಕಿ ಹಾಡುವ ಜಾಗದಲ್ಲಿ ಧ್ವನಿ ಸ್ವಲ್ಪ ಬಿಗಿಯಾಗುತ್ತೆ. ಸತ್ತು ಎದ್ದು ಬಂದವಳು, ಏನೂ ಅನಿಸದೆ ಯಾಂತ್ರಿಕವಾಗಿ ದಿನ ತಳ್ಳುತ್ತಿರುವವಳು, ಅವಳ ಧ್ವನಿ ಹೀಗಲ್ಲದೆ ಹೇಗಿರಬೇಕು ಹೇಳಿ. ವಿಲ್ಲೋ ಪಾತ್ರದ ಆಲಿಸನ್ ಹ್ಯಾನಿಗನ್‌ಗೆ ಹಾಡೋದು ಇಷ್ಟ ಇರಲಿಲ್ಲ, ಅವರಿಗೆ ಕೆಲವೇ ಸಾಲು ಕೊಟ್ಟರು. ಅದರಲ್ಲೂ ಒಂದು ಸಾಲಿನಲ್ಲಿ ವಿಲ್ಲೋ, ನನ್ನ ಈ ಸಾಲು ಜಾಗ ತುಂಬೋಕೆ ಮಾತ್ರ ಇರೋದು ಅಂತಲೇ ಹಾಡ್ತಾಳೆ. ಡಾನ್ ಆಗಿದ್ದ ಮಿಷೆಲ್ ಟ್ರಾಕ್ಟನ್‌ಬರ್ಗ್ ತಾನು ಹಾಡುವುದಕ್ಕಿಂತ ಕುಣಿಯುತ್ತೇನೆ ಅಂದರು. ಅದಕ್ಕೇ ಆಲ್ಬಮ್‌ನಲ್ಲಿ ಅವರ ಹಾಡು ಶುರುವಾದ ಕೂಡಲೇ ಮುಗಿದು, ಹಿಂದೆಯೇ ಮಾತಿಲ್ಲದ ‘ಡಾನ್ಸ್ ಬ್ಯಾಲೆ’, ಅಂದರೆ ಡಾನ್‌ಳ ಕುಣಿತ, ಬರೋದು. 2025ರಲ್ಲಿ ಆಕೆ ತೀರಿಕೊಂಡರು, ಇನ್ನೂ 39 ವರ್ಷ. ಆ ನಾಲ್ಕು ಸಾಲು ಈಗ ಕೇಳಿದರೆ ಸಂಕಟ ಆಗುತ್ತೆ.

ಮೊದಲ ಹಾಡು ‘ಗೋಯಿಂಗ್ ಥ್ರೂ ದ ಮೋಷನ್ಸ್’ ಒಂದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಮ್ಯೂಸಿಕಲ್‌ಗಳಲ್ಲಿ ಒಂದು ಪದ್ಧತಿ ಇದೆ, ಶುರುವಿನಲ್ಲೇ ನಾಯಕಿ ಒಬ್ಬಳೇ ನಿಂತು ತನಗೆ ಏನು ಬೇಕು ಅಂತ ಹಾಡ್ತಾಳೆ. ಕಾರ್ಟೂನ್ ಸಿನಿಮಾಗಳ ರಾಜಕುಮಾರಿಯರ ಹಾಡುಗಳು ನಿಮ್ಮ ಮಗಳಿಗೆ ಬಾಯಿಪಾಠ ಇದ್ದರೆ ಅವಳನ್ನೇ ಕೇಳಿ. ಇಲ್ಲಿಯೂ ರಾಗ ಹಾಗೇ ಹೊಳೀತಾ ಹೋಗುತ್ತೆ, ತಂತಿವಾದ್ಯಗಳು ಮೇಲಕ್ಕೆ ಏರುತ್ತವೆ. ಜಾಗ ಮಾತ್ರ ಸ್ಮಶಾನ. ಬಫಿ ರಾತ್ರಿ ಪಾಳಿಯಲ್ಲಿ ಪಿಶಾಚಿಗಳನ್ನು ಹೊಡೀತಾ ಹಾಡ್ತಾ ಇದ್ದಾಳೆ, ಮುಖದಲ್ಲಿ ಉತ್ಸಾಹವೇ ಇಲ್ಲ. ಕೊನೆಯ ಸಾಲಿನಲ್ಲಿ ‘ನಾನು ಆಗಬೇಕಿರೋದು ಇಷ್ಟೇ’ ಅನ್ನೋ ತನಕ ಬಂದು ಸಾಲು ನಿಲ್ಲುತ್ತೆ. ಪರದೆ ಮೇಲೆ ಆ ಹೊತ್ತಿಗೆ ಒಬ್ಬ ಪಿಶಾಚಿ ಅಡ್ಡ ನಿಂತಿದ್ದಾನೆ, ಅವಳು ಚುಚ್ಚಿದ್ದಾಳೆ, ಅವನು ಬೂದಿಯಾಗಿ ಉದುರುತ್ತಾನೆ, ಆ ಬೂದಿ ಇಳಿದ ಜಾಗದಲ್ಲಿ ಅವಳ ಮುಖ ಕಾಣುತ್ತೆ, ಆಗ ಉಳಿದ ಒಂದು ಪದ ಬರುತ್ತೆ: ಜೀವಂತ. ಆಲ್ಬಮ್‌ನಲ್ಲಿ ನಿಮಗೆ ಸಿಗೋದು ಆ ಪದಕ್ಕೆ ಮುಂಚಿನ ತಡೆ ಮಾತ್ರ. ಅಲ್ಲಿ ಬೂದಿ ಉದುರುತ್ತಿದೆ ಅಂತ ಗೊತ್ತಿದ್ದರೆ ಆ ತಡೆ ತುಂಬಿಕೊಳ್ಳುತ್ತೆ, ಗೊತ್ತಿಲ್ಲದಿದ್ದರೆ ಅದು ಸುಮ್ನೆ ಒಂದು ಖಾಲಿ ಜಾಗ.

ಎರಡನೆಯದಾಗಿ ನೀವು ಕೇಳಲೇಬೇಕಾದದ್ದು ಎರಡು ಹಾಡುಗಳ ಒಂದು ಜೋಡಿ. ಟಾರಾ ಹಾಡುವ ‘ಅಂಡರ್ ಯುವರ್ ಸ್ಪೆಲ್’ ಆಲ್ಬಮ್‌ನಲ್ಲೇ ಅತಿ ಇಂಪಾದ ಪ್ರೇಮಗೀತೆ. ವಿಲ್ಲೋ ಮತ್ತು ಟಾರಾ ಪ್ರೇಮಿಗಳು, ಇಬ್ಬರೂ ಮಾಟ ಬಲ್ಲವರು. ಹಿಂದಿನ ಎಪಿಸೋಡ್‌ನಲ್ಲಿ ಇಬ್ಬರಿಗೂ ಜಗಳವಾಗಿತ್ತು, ವಿಲ್ಲೋ ಗುಟ್ಟಾಗಿ ಮಂತ್ರ ಹಾಕಿ ಟಾರಾಳ ನೆನಪಿನಿಂದ ಆ ಜಗಳವನ್ನೇ ಅಳಿಸಿಬಿಟ್ಟಿದ್ದಳು. ಈಗ ಟಾರಾ ನಿನ್ನ ಮಂತ್ರಕ್ಕೆ ಸಿಕ್ಕಿ ನಾನು ಅರಳಿದೆ ಅಂತ ಎದೆ ತುಂಬಿ ಹಾಡ್ತಾಳೆ. ಕೇಳುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಇನ್ನೊಂದು ಕಡೆ ಜೈಲ್ಸ್, ಬಫಿಗೆ ತಂದೆಯ ಸ್ಥಾನದಲ್ಲಿರುವ ಗುರು, ‘ಸ್ಟ್ಯಾಂಡಿಂಗ್’ ಹಾಡ್ತಾನೆ. ನಾನು ಹತ್ತಿರ ಇರೋದರಿಂದಲೇ ನೀನು ನಿನ್ನ ಕಾಲ ಮೇಲೆ ನಿಲ್ತಾ ಇಲ್ಲ, ನಿನ್ನ ದಾರಿಗೆ ನಾನೇ ಅಡ್ಡ ಅನ್ನೋದು ಆ ಹಾಡಿನ ಅರ್ಥ. ಬಫಿ ಅವನ ಎದುರಿಗೇ ಅಭ್ಯಾಸ ಮಾಡ್ತಾ ಇದ್ದಾಳೆ, ಆದರೆ ಅವಳನ್ನು ನಿಧಾನಗತಿಯಲ್ಲಿ ತೋರಿಸ್ತಾರೆ, ಅವನು ಮಾಮೂಲಿ ವೇಗದಲ್ಲಿ ಅವಳ ಸುತ್ತ ನಡೆದಾಡಿಕೊಂಡು ಹಾಡ್ತಾನೆ. ಹಾಡು ಮುಗಿದ ಮೇಲೆ ಅವಳು ಏನಾದರೂ ಹೇಳಿದಿರಾ ಅಂತ ಕೇಳ್ತಾಳೆ. ಅವಳಿಗೆ ಒಂದು ಪದವೂ ಕೇಳಿಸಿಲ್ಲ.

ಆಮೇಲೆ ವಿಲ್ಲೋ ಮಾಡಿದ್ದು ಟಾರಾಗೆ ತಿಳಿಯುತ್ತೆ. ಆಗ ಬರೋದು ಈ ಎರಡೂ ಹಾಡುಗಳ ಮರುಕಳಿಕೆ. ಒಂದೇ ಅಂಗಡಿಯ ಒಳಗೆ ಟಾರಾ ಮತ್ತು ಜೈಲ್ಸ್ ಇದ್ದಾರೆ, ಒಬ್ಬರ ನೋವು ಇನ್ನೊಬ್ಬರಿಗೆ ಗೊತ್ತಿಲ್ಲ. ಅವಳು ತನ್ನ ರಾಗ ಎತ್ತಿಕೊಳ್ತಾಳೆ, ಇವನು ತನ್ನ ರಾಗ ಎತ್ತಿಕೊಳ್ತಾನೆ, ಎರಡೂ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ, ಕೊನೆಗೆ ಇಬ್ಬರೂ ಒಂದೇ ಸಾಲಿಗೆ ಬಂದು ನಿಲ್ಲುತ್ತಾರೆ: ಇಲ್ಲೇ ಉಳಿಯುವ ಹಾಗಿದ್ದಿದ್ದರೆ. ಮೊದಲೇ ಕೇಳಿದ ಎರಡು ಬೇರೆ ಬೇರೆ ಹಾಡುಗಳು ಹೀಗೆ ಒಟ್ಟಿಗೆ ಹೊಂದಬೇಕಾದರೆ ಅವುಗಳ ಸ್ವರಸಂಯೋಜನೆಯನ್ನು ಶುರುವಿನಲ್ಲೇ ಲೆಕ್ಕ ಹಾಕಿ ಬರೆದಿರಬೇಕು. ಆಮೇಲೆ ತೇಪೆ ಹಾಕಿದರೆ ಆಗುವ ಕೆಲಸ ಅಲ್ಲ ಅದು. ಮುಂದಿನ ಎಪಿಸೋಡ್‌ನಲ್ಲಿ ಇಬ್ಬರೂ ಹೊರಟುಹೋಗ್ತಾರೆ, ಟಾರಾ ಮನೆ ಬಿಟ್ಟು, ಜೈಲ್ಸ್ ಇಂಗ್ಲೆಂಡಿಗೆ. ಹೆಡ್‌ಫೋನ್ ಹಾಕಿಕೊಂಡು ಈ ಮೂರು ಟ್ರ್ಯಾಕ್‌ಗಳನ್ನು ಕೇಳಿ, ಮಧ್ಯೆ ಬೇರೆ ಹಾಡುಗಳಿವೆ, ಅವನ್ನು ಬಿಟ್ಟು ಇವನ್ನೇ ಒಂದರ ಹಿಂದೆ ಒಂದು. ನಟರ ಧ್ವನಿಯ ಬಗ್ಗೆ ನಿಮಗಿರುವ ಅನುಮಾನ ಅಲ್ಲೇ ಕರಗುತ್ತೆ ಅಂತ ನನ್ನ ನಂಬಿಕೆ.

ಇನ್ನು ಎಲ್ಲಕ್ಕೂ ಕಾರಣವಾದ ಹಾಡು, ‘ಸಮ್‌ಥಿಂಗ್ ಟು ಸಿಂಗ್ ಅಬೌಟ್’. ಅದಕ್ಕೆ ಮುಂಚೆ ‘ವಾಕ್ ಥ್ರೂ ದ ಫೈರ್’ನಲ್ಲಿ ಎಲ್ಲ ಪಾತ್ರಗಳೂ ಬೇರೆ ಬೇರೆ ದಿಕ್ಕಿನಿಂದ ರಾಕ್ಷಸನ ಜಾಗಕ್ಕೆ ನಡೆದು ಬರ್ತಾ ತಮ್ಮ ತಮ್ಮ ಪಾಲು ಹಾಡಿ ಬಿಸಿ ಏರಿಸಿರ್ತಾರೆ. ಬಫಿ ಒಳಗೆ ಬಂದು ಹಾಡೋಕೆ ಶುರು ಮಾಡ್ತಾಳೆ. ಮೊದಲ ಸಾಲುಗಳು ಜಾಹೀರಾತಿನ ಹಾಗೆ ನಗುನಗುತ್ತಾ ಇವೆ, ಬದುಕು ಒಂದು ಆಟ, ಎಲ್ಲರಿಗೂ ಒಂದು ಪಾತ್ರ ಅನ್ನೋ ಥರದ್ದು. ಮಧ್ಯದಲ್ಲಿ ಲಯ ಏಕ್‌ದಮ್ ಬೀಳುತ್ತೆ. ಅಲ್ಲಿ ನೋವಿರಲಿಲ್ಲ, ಭಯವಿರಲಿಲ್ಲ, ಇವರು ನನ್ನನ್ನು ಎಳೆದು ತರುವ ತನಕ ನಾನು ಸ್ವರ್ಗದಲ್ಲಿದ್ದೆ ಅಂತ ಎಲ್ಲರ ಮುಂದೆ ಹಾಡಿಬಿಡ್ತಾಳೆ. ಪರದೆ ಮೇಲೆ ಆಗ ವಿಲ್ಲೋಳ ಮುಖ ತೋರಿಸ್ತಾರೆ. ಬದುಕಿಸಿದ ಮಂತ್ರ ಹಾಕಿದವಳು ಅವಳೇ. ಮಾತಿಲ್ಲ, ಹಾಡಿಲ್ಲ, ಕಣ್ಣೀರು ಅಷ್ಟೇ. ಗುಟ್ಟು ಹೊರಬಿದ್ದ ಮೇಲೆ ಅವಳನ್ನು ತಡೆಯುವವರು ಯಾರೂ ಇಲ್ಲ, ಲಯ ಹುಚ್ಚೆದ್ದು ಓಡುತ್ತೆ, ಅವಳ ಮೈಯಿಂದ ಹೊಗೆ ಏಳುತ್ತೆ, ಸ್ಪೈಕ್ ಬಂದು ಹಿಡಿದು ನಿಲ್ಲಿಸ್ತಾನೆ. ಈ ಒಂದು ಹಾಡಿನಲ್ಲಿ ಲಯ ಎಷ್ಟು ಸಲ ಬದಲಾಗುತ್ತೆ, ಪ್ರತಿ ಬದಲಾವಣೆಗೂ ಅವಳ ಮನಸ್ಸಿನಲ್ಲಿ ಏನು ಕಾರಣ ಇದೆ ಅಂತ ಕೇಳ್ತಾ ಹೋಗಿ. ಚರಣ, ಪಲ್ಲವಿ, ಮತ್ತೆ ಚರಣ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಕೊನೆಗೆ ‘ವೇರ್ ಡು ವಿ ಗೋ ಫ್ರಮ್ ಹಿಯರ್’ನಲ್ಲಿ ಎಲ್ಲರೂ ಸಾಲಾಗಿ ನಿಂತು ಮುಂದೇನು ಅಂತ ಹಾಡ್ತಾರೆ, ಯಾರ ಹತ್ತಿರವೂ ಉತ್ತರ ಇರಲ್ಲ. ಮ್ಯೂಸಿಕಲ್ ಅಂದರೆ ಕೊನೆಗೆ ಎಲ್ಲವೂ ಸರಿಹೋಗಬೇಕು ಅನ್ನೋ ನಿರೀಕ್ಷೆಯನ್ನು ಹೀಗೆ ಮುರಿದದ್ದಕ್ಕೇ ನನಗೆ ಇದರ ಮೇಲೆ ಗೌರವ ಜಾಸ್ತಿ.

ತುಣುಕುಗಳ ವಿಷಯ ಚಿಕ್ಕದು. ‘ದ ಮಸ್ಟರ್ಡ್’ ಮತ್ತು ‘ದ ಪಾರ್ಕಿಂಗ್ ಟಿಕೆಟ್’ ಎರಡೂ ಒಂದೊಂದು ನಿಮಿಷವೂ ಇಲ್ಲ. ಊರಿಗೆ ಊರೇ ಹಾಡುತ್ತಿದೆ ಅಂತ ತೋರಿಸೋಕೆ ಇರುವಂಥವು. ಬಫಿ ಬಾಗಿಲು ತೆಗೆದರೆ ಹೊರಗೆ ಬೀದಿಯಲ್ಲಿ ಒಬ್ಬಾತ ಬಟ್ಟೆ ಮೇಲಿನ ಸಾಸಿವೆ ಸಾಸ್ ಕಲೆಯನ್ನು ಲಾಂಡ್ರಿಯವರು ತೆಗೆದುಕೊಟ್ಟರು ಅಂತ ಗಂಟಲು ಬಿಟ್ಟು ಹಾಡ್ತಾ ಇರ್ತಾನೆ, ಹಿಂದೆ ಜನ ಕುಣೀತಾ ಇರ್ತಾರೆ. ಆತ ಸೀರಿಯಲ್‌ನ ಬರಹಗಾರ, ನಿರ್ಮಾಪಕ ಡೇವಿಡ್ ಫ್ಯೂರಿ. ಪಾರ್ಕಿಂಗ್ ಚೀಟಿ ಕೊಡಬೇಡಿ ಅಂತ ಪೊಲೀಸಿನವರ ಹತ್ತಿರ ಹಾಡಿನಲ್ಲೇ ಬೇಡಿಕೊಳ್ಳುವಾಕೆ ಮಾರ್ಟಿ ನಾಕ್ಸನ್, ಅವರೂ ಸೀರಿಯಲ್‌ನ ನಿರ್ಮಾಪಕರೇ. ನಡೆಯುತ್ತಿರುವ ದೃಶ್ಯದ ಹಿಂದೆ ಇವು ಹಾದುಹೋಗುತ್ತವೆ, ಆಲ್ಬಮ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತವೆ. ಇವನ್ನು ಬಿಡದೆ ಸೇರಿಸಿದ್ದು ಒಳ್ಳೆಯ ನಿರ್ಧಾರ. ಆಲ್ಬಮ್ ಮಾಡುವವರು ಸಾಮಾನ್ಯವಾಗಿ ಇಂಥ ಬಿಟ್‌ಗಳನ್ನೇ ಮೊದಲು ಕತ್ತರಿಸಿ ಹಾಕ್ತಾರೆ, ಆಗ ಕಥೆಯ ಕೊಂಡಿ ತಪ್ಪುತ್ತೆ.

ಕೊನೆಯ ಬರೀ ಮ್ಯೂಸಿಕ್ ಟ್ರ್ಯಾಕ್‌ಗಳು ಈ ಎಪಿಸೋಡ್‌ನವಲ್ಲ. ಬೇರೆ ಮೂರು ಎಪಿಸೋಡ್‌ಗಳಿಂದ ತಂದ ಕ್ರಿಸ್ಟೋಫ್ ಬೆಕ್ ಅವರ ಹಿನ್ನೆಲೆ ಸಂಗೀತ. ಬೆಕ್ ಈ ಸೀರಿಯಲ್‌ನ ಸಂಗೀತಕ್ಕೆ 1998ರಲ್ಲಿ ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿ ಗೆದ್ದವರು, ಮುಂದೆ ‘ಫ್ರೋಜನ್’ ಸಿನಿಮಾದ ಹಿನ್ನೆಲೆ ಸಂಗೀತ ಮಾಡಿದವರೂ ಅವರೇ. ಮ್ಯೂಸಿಕಲ್ ಎಪಿಸೋಡ್‌ನ ಹಾಡುಗಳಿಗೆ ವಾದ್ಯ ಜೋಡಿಸಿದ್ದು ಅವರು ಮತ್ತು ಜೆಸ್ಸಿ ಟೋಬಿಯಸ್. ಟ್ರ್ಯಾಕ್‌ಗಳಲ್ಲಿ ಒಂದು ‘ರೆಸ್ಟ್‌ಲೆಸ್’ ಎಪಿಸೋಡ್‌ನದು, ಅದರಲ್ಲಿ ಬರೀ ಕನಸುಗಳು. ಇನ್ನೊಂದು ‘ಹಷ್’ನದು. 1999ರ ಡಿಸೆಂಬರ್‌ನಲ್ಲಿ ಬಂದ ಆ ಎಪಿಸೋಡ್‌ನಲ್ಲಿ ಊರಿನ ಎಲ್ಲರ ಧ್ವನಿ ಕಳ್ಳತನ ಆಗುತ್ತೆ, ಅರ್ಧಕ್ಕಿಂತ ಜಾಸ್ತಿ ಹೊತ್ತು ಮಾತೇ ಇಲ್ಲ. ನಮ್ಮ ಕಸುಬಿನವರು ಅದನ್ನು ಒಂದು ಸಲವಾದರೂ ನೋಡಬೇಕು. ಮಾತಿನ ಕೆಳಗೆ ಅಡಗಿಕೊಳ್ಳೋಕೆ ಸಂಗೀತಕ್ಕೆ ಅಲ್ಲಿ ಅವಕಾಶವೇ ಇಲ್ಲ. ಮಾತು ಕಸಿದುಕೊಂಡ ಎಪಿಸೋಡ್‌ನ ಸಂಗೀತವೂ, ಮಾತನ್ನೆಲ್ಲ ಹಾಡಾಗಿಸಿದ ಎಪಿಸೋಡ್‌ನ ಸಂಗೀತವೂ ಒಂದೇ ಆಲ್ಬಮ್‌ನಲ್ಲಿ ಸಿಕ್ಕಿವೆ, ಇದು ನನಗೆ ತುಂಬಾ ಇಷ್ಟ.

ಮೂರನೆಯದು ‘ಸ್ಯಾಕ್ರಿಫೈಸ್’. ಬಫಿ ತಂಗಿಗಾಗಿ ಪ್ರಾಣ ಕೊಡುವ, 2001ರ ಮೇ ತಿಂಗಳಲ್ಲಿ ಬಂದ ‘ದ ಗಿಫ್ಟ್’ ಎಪಿಸೋಡ್‌ನ ಸಂಗೀತ. ಹಾಡುಗಳಲ್ಲಿ ತುಂಬಿರುವ ದುಃಖ ಶುರುವಾಗಿದ್ದು ಅಲ್ಲಿ. ಆ ಎಪಿಸೋಡ್‌ನಲ್ಲಿ ಬಫಿ ಸಾಯುವ ಮುಂಚೆ ತಂಗಿಗೆ, ಈ ಲೋಕದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅಂದರೆ ಇದರಲ್ಲಿ ಬದುಕೋದೇ ಅಂತ ಹೇಳಿರ್ತಾಳೆ. ಮ್ಯೂಸಿಕಲ್‌ನ ಕೊನೆಯಲ್ಲಿ ಡಾನ್ ಅದೇ ಮಾತನ್ನು ಅಕ್ಕನಿಗೆ ತಿರುಗಿ ಹೇಳ್ತಾಳೆ. ಆದ್ದರಿಂದ ನನ್ನ ಸಲಹೆ ಇದು: ಆಲ್ಬಮ್‌ನ ಕ್ರಮ ಒಂದು ಸಲ ಮುರಿಯಿರಿ. ಮೊದಲು ‘ಸ್ಯಾಕ್ರಿಫೈಸ್’ ಹಾಕಿ, ಅದು ಮುಗಿದ ಕೂಡಲೇ ಆರಂಭದ ಟ್ರ್ಯಾಕ್‌ಗೆ ಬನ್ನಿ. ಅವಳು ಸತ್ತಳು, ಎಬ್ಬಿಸಿದರು, ಈಗ ಸ್ಮಶಾನದಲ್ಲಿ ಹಾಡ್ತಾ ಇದ್ದಾಳೆ. ಸೀರಿಯಲ್ ನೋಡದವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲ್ಲ. ಅಲ್ಲಿಂದ ಮುಂದೆ ಮಾತ್ರ ಕ್ರಮ ಬಿಡಬೇಡಿ, ಶಫಲ್ ಹಾಕಲೇಬೇಡಿ.

ಇನ್ನೊಂದು ಟ್ರ್ಯಾಕ್ ಇದೆ, ಅದನ್ನು ನೀವು ಬಹುಶಃ ಪೂರ್ತಿ ಕೇಳಿರಲ್ಲ. ‘ಸಮ್‌ಥಿಂಗ್ ಟು ಸಿಂಗ್ ಅಬೌಟ್’ನ ಡೆಮೊ. ಸೀರಿಯಲ್‌ನ ಸೃಷ್ಟಿಕರ್ತ ಜಾಸ್ ವೀಡನ್ ಎಪಿಸೋಡ್‌ನ ಎಲ್ಲ ಹಾಡುಗಳನ್ನೂ ತಾವೇ ಬರೆದು ರಾಗ ಹಾಕಿದರು. ನಮ್ಮಲ್ಲಿ ಟ್ರ್ಯಾಕ್ ಹಾಡಿಸ್ತೀವಲ್ಲ, ಮುಖ್ಯ ಗಾಯಕರು ಬರೋ ಮುಂಚೆ ರಾಗ ತೋರಿಸೋಕೆ ಯಾರಾದರೂ ಹಾಡಿಟ್ಟಿರ್ತಾರೆ, ಅದೇ ಕೆಲಸವನ್ನು ಅಲ್ಲಿ ವೀಡನ್ ಮತ್ತು ಅವರ ಆಗಿನ ಪತ್ನಿ ಕಾಯ್ ಕೋಲ್ ಮಾಡಿದರು. ಆ ರೆಕಾರ್ಡಿಂಗ್‌ಗಳನ್ನು ನಟರಿಗೆ ಕೊಟ್ಟು ಕಲಿಸಿದರು. ನಮ್ಮಲ್ಲಿ ಟ್ರ್ಯಾಕ್ ಹಾಡಿದವರ ಧ್ವನಿ ಹೊರಗೆ ಬರೋದು ಅಪರೂಪ, ಕೆಲಸ ಮುಗಿದ ಮೇಲೆ ಅಳಿಸಿ ಹಾಕ್ತೀವಿ. ಇಲ್ಲಿ ಅದನ್ನೂ ಉಳಿಸಿದ್ದಾರೆ. ಗೆಲ್ಲರ್ ಹಾಡಿದ್ದನ್ನೂ ಡೆಮೊವನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ರಾಗ ಅದೇ, ಪದ ಅದೇ, ಲಯದ ಏರಿಳಿತಗಳೂ ಆಗಲೇ ಅಲ್ಲಿವೆ. ಆದರೆ ಸ್ವರ್ಗದ ಸಾಲು ಬಂದಾಗ ಡೆಮೊದಲ್ಲಿ ಹಾಡು ಕೇಳಿಸುತ್ತೆ, ಗೆಲ್ಲರ್ ಹಾಡಿದ್ದರಲ್ಲಿ ಬಫಿಯೇ ಕೇಳಿಸ್ತಾಳೆ. ಗಾಯಕರಲ್ಲದ ನಟರು ಯಾಕೆ ಅನ್ನೋ ನಿಮ್ಮ ಪ್ರಶ್ನೆಗೆ ನೇರ ಪುರಾವೆ ಈ ಆಲ್ಬಮ್‌ನಲ್ಲೇ ಇದೆ.

ವೀಡನ್ ಬಗ್ಗೆ ಒಂದು ಮಾತು ಹೇಳದೆ ಇರೋದು ಸರಿ ಅಲ್ಲ. ಸೆಟ್‌ನಲ್ಲಿ ಅವರ ವರ್ತನೆ ಕೆಟ್ಟದಾಗಿತ್ತು ಅಂತ 2021ರಲ್ಲಿ ಈ ಸೀರಿಯಲ್‌ನ ನಟಿ ಕರಿಸ್ಮಾ ಕಾರ್ಪೆಂಟರ್ ಬಹಿರಂಗವಾಗಿ ಹೇಳಿದರು. ಬೆನ್ಸನ್, ಟ್ರಾಕ್ಟನ್‌ಬರ್ಗ್ ಇಬ್ಬರೂ ಕಾರ್ಪೆಂಟರ್ ಬೆಂಬಲಕ್ಕೆ ನಿಂತರು. ಬಫಿ ಜೊತೆ ತನ್ನ ಹೆಸರು ಸೇರೋದು ಹೆಮ್ಮೆ, ಆದರೆ ವೀಡನ್ ಹೆಸರಿನ ಜೊತೆ ಸದಾ ಸೇರಿಕೊಂಡಿರೋದು ಬೇಡ ಅಂತ ಗೆಲ್ಲರ್ ಹೇಳಿದರು. ನಾನು ಈ ಹಾಡುಗಳನ್ನು ಈಗಲೂ ಕೇಳ್ತೀನಿ, ಆ ಹೆಣ್ಣುಮಕ್ಕಳು ಹಾಡಿದ್ದು ಅವರ ದುಡಿಮೆ, ಅದು ಅವರದೇ ಅಂದುಕೊಂಡು ಕೇಳ್ತೀನಿ. ನಿಮ್ಮ ಮಗಳಿಗೆ ಇದೆಲ್ಲ ಗೊತ್ತಿರಬಹುದು, ಅವಳ ಜೊತೆ ಮಾತಾಡಿ.

ಆಮೇಲೆ, ಸಾಧ್ಯವಾದರೆ ಆ ಒಂದು ಎಪಿಸೋಡ್ ಆದರೂ ಮಗಳ ಜೊತೆ ಕೂತು ನೋಡಿ. ಮಾಮೂಲಿ ಎಪಿಸೋಡ್‌ಗಿಂತ ಸುಮಾರು 8 ನಿಮಿಷ ಉದ್ದ ಇದೆ, ಚಾನೆಲ್‌ನವರು ಇದಕ್ಕೆಂದೇ ಹೆಚ್ಚು ಸಮಯ ಬಿಟ್ಟುಕೊಟ್ಟಿದ್ದರು. ಮರುಪ್ರಸಾರಕ್ಕೆ ಕತ್ತರಿಸಿದ ಆವೃತ್ತಿಯೂ ಓಡಾಡ್ತಾ ಇತ್ತು, ಆದ್ದರಿಂದ ಪೂರ್ತಿ ಇರುವುದನ್ನೇ ಹುಡುಕಿ.

ಇಂಥವು ಬೇರೆಯೂ ಇವೆ. ಇದಕ್ಕೂ ಮುಂಚೆ, 1998ರಲ್ಲೇ, ‘ಜೀನಾ: ವಾರಿಯರ್ ಪ್ರಿನ್ಸೆಸ್’ ಸೀರಿಯಲ್‌ನವರು ‘ದ ಬಿಟರ್ ಸ್ವೀಟ್’ ಅನ್ನೋ ಎಪಿಸೋಡ್ ಮಾಡಿದ್ದರು, ಜೋಸೆಫ್ ಲೊಡೂಕಾ ಸಂಗೀತ, ಅದರದ್ದೂ ಆಲ್ಬಮ್ ಬಂತು. ‘ಸ್ಕ್ರಬ್ಸ್’ನ 2007ರ ಮ್ಯೂಸಿಕಲ್‌ನಲ್ಲಿ ಮೆದುಳಿನ ತೊಂದರೆ ಇರುವ ಒಬ್ಬ ರೋಗಿಗೆ ಆಸ್ಪತ್ರೆಯ ಎಲ್ಲರ ಮಾತೂ ಹಾಡಾಗಿ ಕೇಳುತ್ತೆ, ಅಲ್ಲಿಯೂ ಹಾಡಿಗೆ ಕಥೆಯಲ್ಲೇ ಕಾರಣ ಇದೆ. ‘ಗ್ರೇಸ್ ಅನಾಟಮಿ’ 2011ರಲ್ಲಿ ಮಾಡಿದ್ದು ಬೇರೆ ಥರ, ಆಗಲೇ ಇದ್ದ ಹಾಡುಗಳನ್ನು ನಟರ ಕೈಲಿ ಹಾಡಿಸಿದರು. ಸಾರಾ ರಮಿರೆಜ್ ಅವರ ಕಂಠ ಅದ್ಭುತ, ಆದರೆ ಪಾತ್ರಕ್ಕೆಂದೇ ಬರೆದ ಹಾಡುಗಳಲ್ಲಿ ಇರುವ ಬಿಗಿ ಅದರಲ್ಲಿ ಇಲ್ಲ ಅನ್ನೋದು ನನ್ನ ಅನಿಸಿಕೆ. ಒಂದನ್ನೇ ಆರಿಸಿ ಅಂದರೆ ನಾನು ಹೇಳೋದು 2023ರ ಆಗಸ್ಟ್‌ನಲ್ಲಿ ಬಂದ ‘ಸಬ್‌ಸ್ಪೇಸ್ ರಾಪ್ಸೊಡಿ’. ‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನ ಎಪಿಸೋಡ್ ಅದು, ಹಾಡುಗಳು ಕೇ ಹ್ಯಾನ್ಲಿ ಮತ್ತು ಟಾಮ್ ಪೋಲ್ಸ್ ಅವರವು. ಆಕಾಶನೌಕೆಯ ಸಿಬ್ಬಂದಿ ಒಂದು ವಿಚಿತ್ರ ವಲಯಕ್ಕೆ ಸಿಕ್ಕಿ ಗುಟ್ಟುಗಳನ್ನೆಲ್ಲ ಹಾಡಿ ಹೇಳಿಬಿಡ್ತಾರೆ, ಬಫಿಯ ಪ್ರಭಾವ ಎದ್ದು ಕಾಣುತ್ತೆ. ಕ್ರಿಸ್ಟೀನಾ ಚಾಂಗ್ ಹಾಡುವ ಲಾನ್‌ಳ ಹಾಡಿನಿಂದ ಶುರು ಮಾಡಿ.